ಭಾನುವಾರ ಒಂದೇ ದಿನ ಮೈಸೂರು: ಅತ್ತೆಗೆ ಮಂಡಿನೋವು, ಮಕ್ಕಳಿಗೆ ಝೂ, ಯಾವುದು ಬಿಡೋದು?

ಪಾಂಡವಪುರದ ಸೊಸೆ
ಬುಧವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ಕೂಲ್ ಶುರುವಾಗೋಕೆ ಇನ್ನು ಹತ್ತೇ ದಿನ. ರಜಾ ಪೂರ್ತಿ ಮಕ್ಕಳಿಗೆ "ಮೈಸೂರಿಗೆ ಕರ್ಕೊಂಡೋಗ್ತೀನಿ" ಅಂತ ಹೇಳ್ಕೊಂಡೇ ಬಂದೆ, ಈಗ ತಪ್ಪಿಸ್ಕೊಳ್ಳೋ ಹಾಗಿಲ್ಲ. ಈ ಭಾನುವಾರ ಅಂತ ಗಟ್ಟಿಯಾಗಿದೆ. ಹೊರಡೋರು ನಾನು, ನಮ್ಮೆಜಮಾನ್ರು, ಮಗಳು (9), ಮಗ (4), ನಮ್ಮತ್ತೆ (68). ಅತ್ತೆಗೆ ಮಂಡಿನೋವು. ಇಪ್ಪತ್ತು ನಿಮಿಷ ನಡೆದ್ರೆ ಎಲ್ಲಾದ್ರೂ ಕೂರಲೇಬೇಕು.

ನಮ್ಮೆಜಮಾನ್ರು ಯಾರದೋ ಮದುವೆ ಕಾಗದದ ಕವರ್ ಹಿಂದೆ ಪಟ್ಟಿ ಬರ್ದಿಟ್ಟಿದ್ದಾರೆ: ಬೆಳಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಝೂ, ಅರಮನೆ, ಚರ್ಚು, ಜಗನ್ಮೋಹನ ಅರಮನೆ, ಸಾಯಂಕಾಲ ಬೃಂದಾವನ, ರಾತ್ರಿ ಅರಮನೆ ದೀಪ. ಸ್ವಂತ ಕಾರಿಲ್ಲ, ಬಸ್ಸಲ್ಲೇ ಓಡಾಟ. ಇದು ಆಗೋ ಮಾತಾ? ಆಗಲ್ಲ ಅಂದ್ರೆ ಯಾವುದು ಬಿಡಲಿ? ಅವರಿಗೆ ನಾನು ಹೇಳಿದ್ರೆ ನಾಟಲ್ಲ, ಬೇರೆಯವರು ಹೇಳಿದ್ದನ್ನ ತೋರಿಸಿದ್ರೆ ಒಪ್ತಾರೆ.

ಒಂಟಿಕೊಪ್ಪಲ್ ಮೇಷ್ಟ್ರು
ಬುಧವಾರ, ರಾತ್ರಿ 10:15

ತಾಯಿ, ಯಜಮಾನರಿಗೆ ಇದನ್ನ ಹಾಗೇ ತೋರಿಸಿ. ಮಹಾರಾಜರಿಗೂ ಒಂದು ದಿನಕ್ಕೆ ಇಷ್ಟು ಕಾರ್ಯಕ್ರಮ ಇರಲಿಲ್ಲ.

ಮೊದಲು ಸಾಯಂಕಾಲದ್ದು ಬಗೆಹರಿಸಿಕೊಳ್ಳಿ. ಭಾನುವಾರ ಮತ್ತು ಸರ್ಕಾರಿ ರಜಾದಿನ ಅರಮನೆಗೆ ದೀಪ ಹಾಕೋದು ಏಳು ಗಂಟೆಗೆ, ಮುಕ್ಕಾಲು ಗಂಟೆ ಇದ್ದರೆ ಹೆಚ್ಚು. ಬೃಂದಾವನದ ಕಾರಂಜಿ ನೋಡಬೇಕಾದ್ದೂ ಕತ್ತಲಾದ ಮೇಲೇ. ಎರಡಕ್ಕೂ ನಡುವೆ ಸುಮಾರು 20 ಕಿಲೋಮೀಟರ್. ಹಾಗಾಗಿ ಎರಡರಲ್ಲಿ ಒಂದು, ಅಷ್ಟೇ. ಇನ್ನೊಂದು ಮಾತು. ಬೃಂದಾವನ ಇರೋ ಕನ್ನಂಬಾಡಿ ಕಟ್ಟೆ ನಿಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ. ಪಾಂಡವಪುರದವರು ಮೈಸೂರು ಸುತ್ತಿಕೊಂಡು ಹೋಗಿ ಕನ್ನಂಬಾಡಿ ನೋಡೋದು ಅಂದರೆ ಹಿತ್ತಲ ಬಾಗಿಲಿಗೆ ಬೀದಿ ಬಳಸಿಕೊಂಡು ಬಂದ ಹಾಗೆ. ಅದನ್ನ ಇನ್ನೊಂದು ಸಂಜೆಗೆ ಇಟ್ಟುಕೊಳ್ಳಿ, ಕಟ್ಟೆ ತುಂಬಿದಾಗ ಹೋದರೆ ಇನ್ನೂ ಚೆಂದ.

ಎರಡು ಮಕ್ಕಳ ತಾಯಿ
ಬುಧವಾರ, ರಾತ್ರಿ 10:32

ಝೂ ಬಗ್ಗೆ ಮಾತ್ರ ನಾನು ಹೇಳ್ತೀನಿ, ವರ್ಷಕ್ಕೆ ಮೂರು ಸಲ ಹೋಗೋ ಹಣೆಬರಹ ನಂದು.

ಎಂಟೂವರೆಗೆ ತೆಗೀತಾರೆ, ಗೇಟ್ ತೆಗೆಯೋವಾಗಲೇ ಅಲ್ಲಿರಿ. ಹತ್ತೂವರೆ ಆಯ್ತು ಅಂದ್ರೆ ಈ ಬಿಸಿಲಿಗೆ ಹುಲಿ ನೆರಳಲ್ಲಿ ಮಲಗಿರತ್ತೆ, ನಿಮಗೆ ಕಾಣ್ಸೋದು ಬಾಲ ಮಾತ್ರ. ಝೂ ಸಣ್ಣದಲ್ಲ, 157 ಎಕರೆ. ದಾರಿ ಸುತ್ತಿಕೊಂಡೇ ಹೋಗತ್ತೆ. ಅರ್ಧಕ್ಕೆ "ನನ್ ಕೈಲಾಗಲ್ಲ" ಅಂದ್ರೆ ವಾಪಸ್ ಬರೋದೂ ಅಷ್ಟೇ ದೂರ. ನಿಮ್ಮತ್ತೆಯವರನ್ನ ನಡೆಸಬೇಡಿ, ಬ್ಯಾಟರಿ ಗಾಡಿ ಇದೆ, ಆದ್ರೆ ಭಾನುವಾರ ಅದಕ್ಕೂ ಜನ ಕಾಯ್ತಾ ಇರ್ತಾರೆ. ಪ್ಲಾಸ್ಟಿಕ್ ಕವರಲ್ಲಿ ತಿಂಡಿ ಒಯ್ಯಬೇಡಿ, ಗೇಟಲ್ಲೇ ತೆಗೆಸ್ತಾರೆ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ತಗೊಂಡೋಗಿ.

ಗೊರಿಲ್ಲಾ ತಪ್ಪದೆ ನೋಡಿ. 2021ರಲ್ಲಿ ಜರ್ಮನಿಯಿಂದ ಬಂದ ಅಣ್ಣತಮ್ಮಂದಿರು, ಥಾಬೊ ಮತ್ತು ಡೆಂಬಾ.

ನಜರ್‌ಬಾದ್ ಹುಡುಗ
ಬುಧವಾರ, ರಾತ್ರಿ 10:41

ನಮಗೆಲ್ಲ ಗೊರಿಲ್ಲಾ ಅಂದ್ರೆ ಈಗಲೂ ಪೋಲೋನೇ. 2014ರಲ್ಲಿ ಅದು ಹೋದಾಗ ನಮ್ಮನೇಲಿ ರಾತ್ರಿ ಊಟದ ಹೊತ್ತಲ್ಲಿ ಅದೇ ಮಾತು.

ವೀಕೆಂಡ್ ಬೆಂಗಳೂರು
ಬುಧವಾರ, ರಾತ್ರಿ 11:20

ಸುಮ್ನೆ ಹೆದರಿಸಬೇಡಿ. ನಾವು ಬೆಂಗಳೂರಿಂದ ಬೆಳಗ್ಗೆ ಐದಕ್ಕೆ ಬಿಟ್ಟು, ಎಕ್ಸ್‌ಪ್ರೆಸ್ ವೇ ಹಿಡಿದು, ಒಂದೇ ದಿನದಲ್ಲಿ ಏಳು ಜಾಗ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿದ್ವಿ. ಶ್ರೀರಂಗಪಟ್ಟಣವೂ ಸೇರಿ. ಬೇಗ ಏಳಬೇಕು, ಅಷ್ಟೇ. ಜಗನ್ಮೋಹನ ಬಿಡಬೇಡಿ, ರವಿವರ್ಮನ ದೀಪ ಹಿಡಿದ ಹೆಂಗಸಿನ ಚಿತ್ರ ಅಲ್ಲೇ ಇರೋದು.

ಒಂಟಿಕೊಪ್ಪಲ್ ಮೇಷ್ಟ್ರು
ಗುರುವಾರ, ಬೆಳಗ್ಗೆ 6:05

ಸ್ವಾಮಿ, ಆ ಚಿತ್ರ ರವಿವರ್ಮನದ್ದಲ್ಲ. ಎಸ್.ಎಲ್. ಹಲ್ದಣ್‌ಕರ್ ಅವರದ್ದು, ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳೇ. ರವಿವರ್ಮನ ಚಿತ್ರಗಳೂ ಅದೇ ಕಟ್ಟಡದಲ್ಲಿ ಇರೋದರಿಂದ ಎಲ್ಲರೂ ಇದನ್ನೂ ಅವನ ಲೆಕ್ಕಕ್ಕೇ ಹಾಕ್ತಾರೆ. ಏಳು ಜಾಗ ಓಡೋ ಅವಸರದಲ್ಲಿ ಕೆಳಗೆ ಬರೆದ ಹೆಸರು ಓದೋಕೆ ಎಲ್ಲಿ ಪುರುಸೊತ್ತು.

ಎರಡು ಮಕ್ಕಳ ತಾಯಿ
ಗುರುವಾರ, ಬೆಳಗ್ಗೆ 8:50

ಒಂದು ಕೇಳ್ಲಾ? ಏಳು ಜಾಗದಲ್ಲಿ ನಿಮ್ಮ ಮಕ್ಕಳಿಗೆ ಏನು ನೆನಪಿದೆ?

ವೀಕೆಂಡ್ ಬೆಂಗಳೂರು
ಗುರುವಾರ, ಬೆಳಗ್ಗೆ 9:30

ಮಗನ್ನ ಈಗ ತಾನೇ ಕೇಳಿದೆ. ಮದ್ದೂರಲ್ಲಿ ತಿಂದ ವಡೆ ಅಂದ. ಸರಿ, ಸೋತೆ.

ಆಟೋ ಅಣ್ಣ
ಗುರುವಾರ, ಮಧ್ಯಾಹ್ನ 1:10

ಅಕ್ಕೋ, ನಾನೂ ಮಂಡ್ಯ ಕಡೆಯೋನೇ, ಮೈಸೂರಲ್ಲಿ ಹದಿನಾರು ವರ್ಸದಿಂದ ಆಟೋ ಓಡಿಸ್ತಿವ್ನಿ. ನನ್ನ ಕಸುಬಿನ ಗುಟ್ಟು ನಾನೇ ಯೋಳ್ತೀನಿ ಕೇಳಿ. ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಇಳೀತಿದ್ದಂಗೇ "ಫುಲ್ ಡೇ ಸುತ್ತಿಸ್ತೀನಿ" ಅಂತ ಅಗ್ಗದ ರೇಟು ಯೋಳ್ಕೊಂಡು ಬತ್ತಾರೆ. ಅಗ್ಗ ಯಾಕೆ ಅಂದ್ರೆ, ನಡುವೆ ಎರಡು ರೇಷ್ಮೆ ಅಂಗಡಿ, ಒಂದು ಗಂಧದೆಣ್ಣೆ ಅಂಗಡಿಗೆ ನಿಮ್ಮನ್ನ ಇಳುಸ್ತಾರೆ. ನೀವು ಒಳೀಕ್ ಓದ್ರೆ ಸಾಕು, ಅವನ್ಗೆ ಕಾಸು. ನೀವು ತಗಂಡ್ರೆ ಇನ್ನೂ ಕಾಸು. ಹೊತ್ತು ಓಗೋದು ಮಾತ್ರ ನಿಮ್ದು.

ಬೆಟ್ಟಕ್ಕೆ ಆಟೋ ಬ್ಯಾಡ ಬುಡಿ, ನಮ್ ಗಾಡಿ ಏರೋ ಅಷ್ಟೊತ್ಗೆ ನಿಮ್ಮತ್ತೆ ಸೊಂಟ ಕಳಚ್ಕತದೆ. ಸಿಟಿ ಬಸ್ ಸ್ಟ್ಯಾಂಡಿಂದ 201 ನಂಬರ್ ಬಸ್ಸು, ಸೀದಾ ಮ್ಯಾಕೇ ಬುಡ್ತಾನೆ.

ಮೈಸೂರು ಮಲ್ಲಿಗೆಪ್ರಿಯೆ
ಗುರುವಾರ, ಮಧ್ಯಾಹ್ನ 1:25

ಶಕ್ತಿ ಯೋಜನೆ ನೆನಪಿದೆಯಲ್ಲ? ನೀವು, ಅತ್ತೆ, ಮಗಳು ಮೂವರ ಆಧಾರ್ ಕಾರ್ಡೂ ಇಟ್ಕೊಳ್ಳಿ. ಸಾದಾ ಬಸ್ಸಿಗೆ ಮಾತ್ರ, ಎಸಿ ಬಸ್ ಹತ್ತಬೇಡಿ. ಮಗನಿಗೆ ನಾಲ್ಕು ವರ್ಷ, ಟಿಕೆಟ್ಟಿಲ್ಲ. ಅಂದ್ರೆ ದಿನವಿಡೀ ಬಸ್ಸಿಗೆ ದುಡ್ಡು ಕೊಡೋರು ನಿಮ್ಮೆಜಮಾನ್ರು ಒಬ್ರೇ!

ಪಾಂಡವಪುರದ ಸೊಸೆ
ಗುರುವಾರ, ರಾತ್ರಿ 9:15

ಎಲ್ಲಾ ಓದಿ ತೋರಿಸಿದೆ. ಬೃಂದಾವನ ಹೋಯ್ತು, ಜಗನ್ಮೋಹನ ಹೋಯ್ತು, ಚರ್ಚಿನ ಮೇಲೆ ಅರ್ಧ ಗೀಟು ಬಿದ್ದಿದೆ. ಆದ್ರೆ ಹೊಸ ಸಮಸ್ಯೆ. ಮಕ್ಕಳಿಗೆ ಬೆಳಗ್ಗೆ ಝೂ ಆಗಬೇಕು. ಅತ್ತೆಗೆ ಬೆಳಗ್ಗೇನೇ ಬೆಟ್ಟ ಆಗಬೇಕು. "ಮೈಸೂರ್ಗೋಗಿ ತಾಯಿ ಮೊಕ ನೋಡದೆ ಕೋತಿ ಮೊಕ ನೋಡ್ಕಂಡ್ ಬರ್ಲಾ?" ಅಂತಾರೆ. ಉತ್ತರ ನನ್ನತ್ರ ಇಲ್ಲ.

ಇನ್ನೊಂದು, ಅರಮನೆ ಒಳಗೆ ಅವರಿಗೆ ನಡೆಯೋಕೆ ಆಗತ್ತಾ? ಮಗಳು ಬೇರೆ "ಅಲ್ಲಿ ರಾಜ ಇರ್ತಾರಾ, ಸಿಂಹಾಸನ ಇರತ್ತಾ" ಅಂತ ಪ್ರಾಣ ತಿಂತಾಳೆ.

ಎರಡು ಮಕ್ಕಳ ತಾಯಿ
ಗುರುವಾರ, ರಾತ್ರಿ 9:28

ಒಟ್ಟಿಗೇ ಇರಬೇಕು ಅಂತ ಯಾರು ಹೇಳಿದ್ದು? ಅಪ್ಪ ಮಕ್ಕಳು ಝೂಗೆ, ಅತ್ತೆ ಸೊಸೆ ಬೆಟ್ಟಕ್ಕೆ. ಒಂದು ಗಂಟೆಗೆ ಊಟಕ್ಕೆ ಸೇರಿ. ಎರಡು ಮಕ್ಕಳನ್ನ ಅಪ್ಪ ಒಬ್ರೇ ನಾಲ್ಕು ಗಂಟೆ ನೋಡ್ಕೊಂಡ್ರೆ ಮುಂದಿನ ಸಲ ಪಟ್ಟಿ ತಾನಾಗೇ ಚಿಕ್ಕದಾಗತ್ತೆ.

ಒಂಟಿಕೊಪ್ಪಲ್ ಮೇಷ್ಟ್ರು
ಗುರುವಾರ, ರಾತ್ರಿ 10:20

ಇದು ಸರಿಯಾದ ಮಾತು. ನಂದಿ ಹತ್ತಿರ ಇಳಿಸೋಣ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದು ಮೆಟ್ಟಿಲು ದಾರಿಯಲ್ಲಿ ಸುಮಾರು ಏಳುನೂರನೇ ಮೆಟ್ಟಿಲ ಹತ್ತಿರ ಇದೆ, ದೊಡ್ಡದೇವರಾಜ ಒಡೆಯರ ಕಾಲದ ಕೆಲಸ. ಮಂಡಿ ಗಟ್ಟಿ ಇರೋರಿಗೆ ಅದು.

ಅರಮನೆಗೆ ನೀವು ಹೋಗಬೇಕಾದ್ದು ದಕ್ಷಿಣದ ವರಾಹ ದ್ವಾರದಿಂದ. ಚಪ್ಪಲಿ ಹೊರಗೆ ಬಿಡಬೇಕು. ಮೇ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಅಂಗಳದ ಕಲ್ಲು ತುಳಿದರೆ ಅರಮನೆಗಿಂತ ಅಂಗಾಲೇ ನೆನಪಿರತ್ತೆ, ಅತ್ತೆಯವರಿಗೆ ದಪ್ಪ ಕಾಲ್ಚೀಲ ಹಾಕಿಸಿ. ಒಳಗೆ ಮೆಟ್ಟಿಲಿವೆ, ಆದರೆ ನಿಧಾನಕ್ಕೆ ಹೋಗಬಹುದು. ಗಾಲಿಕುರ್ಚಿ ಬೇಕಾದರೆ ಗೇಟಲ್ಲೇ ವಿಚಾರಿಸಿ.

ಮಗಳಿಗೆ ಹೇಳಿ, ಚಿನ್ನದ ಸಿಂಹಾಸನ ಜೋಡಿಸೋದು ದಸರಾದಲ್ಲಿ ಮಾತ್ರ. ಈಗ ಹೋದರೆ 750 ಕೆ.ಜಿ. ಅಂಬಾರಿ ನೋಡಬಹುದು. ಆಮೇಲೆ ಒಂದು ಕಥೆ ಹೇಳಿ. ಇದಕ್ಕೆ ಮುಂಚೆ ಇದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಹೊತ್ತಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಆಗ ಮಹಾರಾಜರು ಇನ್ನೂ ಹುಡುಗ, ರಾಜ್ಯ ನೋಡ್ಕೊಳ್ತಿದ್ದವರು ಅವರ ತಾಯಿ, ವಾಣಿವಿಲಾಸ ಸನ್ನಿಧಾನದವರು. ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷ್ ವಾಸ್ತುಶಿಲ್ಪಿ ಕೈಲಿ ಹೊಸದರ ನಕ್ಷೆ ಮಾಡಿಸಿದರು. ಮುಗಿದಿದ್ದು 1912ರಲ್ಲಿ. ಕಲ್ಯಾಣ ಮಂಟಪಕ್ಕೆ ಹೋದಾಗ ಅವಳನ್ನ ನಟ್ಟನಡುವೆ ನಿಲ್ಲಿಸಿ ಮೇಲೆ ನೋಡು ಅನ್ನಿ. ಬಣ್ಣದ ಗಾಜಿನಲ್ಲಿ ನವಿಲುಗಳಿವೆ. ಆ ಎರಕದ ಕಬ್ಬಿಣದ ಕಂಬಗಳು ಹಡಗಲ್ಲಿ ಗ್ಲಾಸ್ಗೋದಿಂದ ಬಂದವು. ಗೋಡೆ ಮೇಲೆ ದಸರಾ ಮೆರವಣಿಗೆ ಬರೆದಿದ್ದಾರೆ, ಆನೆ ಎಷ್ಟಿವೆ ಎಣಿಸೋಕೆ ಬಿಡಿ. ಆಗ ಅತ್ತೆಯವರಿಗೆ ನಿಂತು ಸುಧಾರಿಸಿಕೊಳ್ಳೋಕೆ ಸಮಯ ಸಿಗತ್ತೆ.

ಚರ್ಚು 1933ರಲ್ಲಿ ಅಡಿಪಾಯ ಹಾಕಿದ್ದು, ಅವಳಿ ಗೋಪುರ ಚೆನ್ನಾಗಿದೆ, ಆದರೆ ನಿಮ್ಮ ದಾರಿಗೆ ಅಡ್ಡ. ಪೂರ್ತಿ ಗೀಟು ಎಳೀರಿ.

ಕೆ.ಆರ್. ನಗರ ಪಯಣಿಗ
ಶುಕ್ರವಾರ, ಬೆಳಗ್ಗೆ 7:45

ವಾರದ ರಜೆ ನೋಡ್ಕೊಳ್ಳಿ ಅಂತ ಯಾರೂ ಹೇಳಲೇ ಇಲ್ಲ. ನಿಮ್ಮದು ಭಾನುವಾರ, ತೊಂದ್ರೆ ಇಲ್ಲ. ಬೇರೆ ಓದುಗರಿಗೆ ಹೇಳ್ತಿದೀನಿ: ಮಂಗಳವಾರ ಝೂ ಇಲ್ಲ. ನಾವು ಎರಡು ಕುಟುಂಬ, ಹನ್ನೊಂದು ಜನ, ಟೆಂಪೋ ಟ್ರಾವೆಲರ್ ಮಾಡ್ಕೊಂಡು ಮಂಗಳವಾರವೇ ಹೋಗಿ ಗೇಟ್ ಮುಂದೆ ನಿಂತಿದ್ವಿ. ಪಕ್ಕದ ಕಾರಂಜಿ ಕೆರೆಗಾದ್ರೂ ಹೋಗೋಣ ಅಂದ್ರೆ ಅದೂ ಮುಚ್ಚಿತ್ತು. ಮಕ್ಕಳು ಗೇಟಿನ ಸಂದೀಲಿ ಇಣುಕಿದ್ದೇ ಬಂತು.

ಪಾಂಡವಪುರದ ಸೊಸೆ
ಸೋಮವಾರ, ರಾತ್ರಿ 8:55

ಹೋಗಿ ಬಂದ್ವಿ. ಕಾಲು ನೋವು ಇನ್ನೂ ಹೋಗಿಲ್ಲ, ನಂದು. ಅತ್ತೆ ಆರಾಮಾಗಿದ್ದಾರೆ.

ಏಳು ಗಂಟೆಗೇ ಮೈಸೂರಲ್ಲಿ ಇಳಿದ್ವಿ. ಆಟೋ ಅಣ್ಣ ಹೇಳಿದ ಹಾಗೇ ನಾಲ್ಕು ಜನ ಮುತ್ಕೊಂಡ್ರು. ಅಲ್ಲೇ ಎರಡು ತಂಡ ಆದ್ವಿ. ಬೆಟ್ಟದಲ್ಲಿ ಕ್ಯೂ ಒಂದೂವರೆ ಗಂಟೆ. ದುಡ್ಡು ಕೊಟ್ಟು ಬೇಗ ಹೋಗೋ ಸಾಲಿಗೆ ಹೋಗೋಣ ಅಂದ್ರೆ ಅತ್ತೆ "ತಾಯಿ ಹತ್ರಕ್ಕೂ ಅಡ್ಡದಾರೀಲಿ ಓಯ್ತಾರೇನವ್ವ" ಅಂತ ಸಾದಾ ಸಾಲಲ್ಲೇ ನಿಂತ್ರು. ಸುಸ್ತಾದಾಗ ಕಂಬಿ ಮೇಲೆ ಕೂತ್ರು, ಸಾಲು ಮುಂದೆ ಹೋದಾಗ ಹಿಂದಿದ್ದ ಚಾಮರಾಜನಗರದ ಹೆಂಗಸರೇ ಕೈ ಹಿಡಿದು ಎಬ್ಬಿಸ್ತಿದ್ರು. ಅಷ್ಟೊತ್ತಲ್ಲಿ ಅತ್ತೆ ಮೂರು ಮನೆ ಸಂಬಂಧ ವಿಚಾರಿಸಿ, ಒಂದು ಜಾತಕ ಕಳಿಸ್ತೀನಿ ಅಂತ ನನ್ನ ಫೋನ್ ನಂಬರ್ ಕೊಟ್ಟಿದ್ದಾರೆ.

ಝೂ ಕಡೆಯ ವರದಿ ನಮ್ಮೆಜಮಾನ್ರದ್ದು. ಮಗಳು ಬೋರ್ಡೆಲ್ಲಾ ಓದ್ಕೊಂಡು ಪುಸ್ತಕದಲ್ಲಿ ಬರ್ಕೊಂಡಿದ್ದಾಳೆ. ಮಗನಿಗೆ ಜಿರಾಫೆಗಿಂತ, ಅಲ್ಲಿ ಪೈಪ್ ಹಿಡಿದು ನೀರು ಬಿಡ್ತಿದ್ದ ಅಣ್ಣ ಇಷ್ಟ ಆಗಿದ್ದಾನೆ. ಕಾಲು ಗಂಟೆ ಅಲ್ಲಿಂದ ಕದಲಲಿಲ್ವಂತೆ. ಆಮೇಲೆ ಅರ್ಧ ಝೂ ಅಪ್ಪನ ಹೆಗಲ ಮೇಲೆ. ಒಂದು ಗಂಟೆಗೆ ಊಟದ ಹತ್ರ ಸಿಕ್ಕಾಗ ಇವರ ಮುಖ ನೋಡ್ಬೇಕಿತ್ತು. ನನ್ನ ನೋಡಿದ ತಕ್ಷಣ ಹೇಳಿದ್ದು ಒಂದೇ ಮಾತು, "ಚರ್ಚ್ ಬೇಡ."

ಊಟದ್ದು ಮಾತ್ರ ಬೇಜಾರು. ಹೆಸರು ಬೇಡ. ಖಾಲಿ ಇದೆ ಅಂತ ಮೇಲಿನ ಹಾಲ್‌ಗೆ ಕಳಿಸಿದ್ರು, ಬಿಲ್ ಬಂದಾಗ ಅಲ್ಲಿ ರೇಟೇ ಬೇರೆ ಅಂತ ಗೊತ್ತಾಯ್ತು. ಬೆಲೆ ಪಟ್ಟಿ ಗೋಡೆ ಮೇಲಿತ್ತು, ನಾವು ಬೆನ್ನು ಹಾಕ್ಕೊಂಡು ಕೂತಿದ್ವಿ.

ಅರಮನೆಯಲ್ಲಿ ಮೇಷ್ಟ್ರ ಪಾಠ ಪೂರ್ತಿ ಒಪ್ಪಿಸಿದೆ. ಮಗಳು ಆನೆ ಎಣಿಸೋಕೆ ಹೋಗಿ ಮೂರು ಸಲ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದ್ಲು. ಕಾಲ್ಚೀಲದ ಸಲಹೆಗೆ ಅತ್ತೆ ಕಡೆಯಿಂದ ದೊಡ್ಡ ನಮಸ್ಕಾರ. ನಾನು ಹಾಕಿರಲಿಲ್ಲ, ಅದಕ್ಕೇ ಮೊದಲ ಸಾಲು ಬರೆದಿದ್ದು.

ಅರಮನೆಯಿಂದ ಆಟೋದಲ್ಲಿ ಮಾರ್ಕೆಟ್ ಕಡೆ ಬಂದ್ವಿ. ಇದು ಪಟ್ಟಿಯಲ್ಲಿ ಇರಲೇ ಇಲ್ಲ, ಅತ್ತೆಗೆ ಹೂವು ಬೇಕಿತ್ತು ಅಷ್ಟೇ. ದೊಡ್ಡ ಗಡಿಯಾರದ ಹತ್ರ ಇಳಿದಾಗ ಅವರಿಗೆ ಕಾಲು ಹಿಡ್ಕೊಂಡಿತ್ತು, ಕಟ್ಟೆ ಮೇಲೆ ಕೂರಿಸ್ದೆ. ಮಗಳು ಮೇಲೆ ನೋಡ್ತಾ, "ಅಜ್ಜೀ, ಈ ಗಡಿಯಾರದಲ್ಲಿ ತಪ್ಪು ಬರ್ದಿದ್ದಾರೆ. ಒನ್ ಇರೋ ಕಡೆ ಝೀರೋ ಇದೆ" ಅಂದ್ಲು. ಅದು ಕನ್ನಡ ಅಂಕಿ ಗಡಿಯಾರ. ಅವಳಿಗೆ ಗೊತ್ತೇ ಆಗಲಿಲ್ಲ. ಇಂಗ್ಲಿಷ್ ಮೀಡಿಯಂ, ಕನ್ನಡ ಪುಸ್ತಕದಲ್ಲೂ ಪುಟದ ನಂಬರ್ ಇಂಗ್ಲಿಷಲ್ಲೇ ಇರತ್ತೆ.

ನಮ್ಮತ್ತೆ ಓದಿರೋದು ಮೂರನೇ ಕ್ಲಾಸು. ಅವಳ ಅಂಗೈ ತೆರೆಸಿ, ಬೆರಳಲ್ಲಿ ೧ ಬರೆದ್ರು. "ಸೊನ್ನೆ ಬಾಯಿ ಮುಚ್ಕಂಡಿರ್ತದೆ. ಒಂದು ಬಾಯಿ ಬುಟ್ಕಂಡಿರ್ತದೆ, ನೋಡು." ಆಮೇಲೆ ೨. ಮೂರಕ್ಕೆ ಬರೋ ಹೊತ್ತಿಗೆ ಮಗಳಿಗೆ ಉಪಾಯ ಹೊಳೀತು. ಅಂಕಿ ಬರದಿದ್ರೂ ಗಡಿಯಾರದಲ್ಲಿ ಯಾವ ಜಾಗದಲ್ಲಿ ಯಾವುದು ಅಂತ ಗೊತ್ತಲ್ಲ. "ಅಜ್ಜಿ ನೀನು ಹೇಳ್ಬೇಡ" ಅಂತ ತಾನೇ ಸುತ್ತ ಓದ್ಕೊಂಡು ಬಂದ್ಲು, ೬ ಮತ್ತೆ ೯ರಲ್ಲಿ ಮಾತ್ರ ಎರಡು ಸಲ ತಡೆದು ನೋಡಿದ್ಲು. ಹನ್ನೆರಡಕ್ಕೆ ಬಂದಾಗ ಅತ್ತೆ ಅಕ್ಕಪಕ್ಕದಲ್ಲಿ ಕೂತಿದ್ದೋರಿಗೆಲ್ಲಾ "ನನ್ ಮೊಮ್ಮಗಳು" ಅಂತ ತೋರಿಸ್ತಿದ್ರು.

ಅಷ್ಟರಲ್ಲಿ ಮಳೆ. ಓಡಿ ದೇವರಾಜ ಮಾರ್ಕೆಟ್ ಒಳಗೆ ಹೊಕ್ವಿ. ಒಂದು ಗಂಟೆ ಹೂವಿನ ಸಾಲಲ್ಲಿ ನಿಂತಿದ್ವಿ, ತಲೆ ಮೇಲೆ ತಗಡು ಸದ್ದು, ಕೆಳಗೆ ಸೇವಂತಿಗೆ ರಾಶಿ. ಮಲ್ಲಿಗೆ ಮಾರೋ ಅಜ್ಜಿ ಮೊಳ ಹಾಕಿದ್ರೆ ನಮ್ಮತ್ತೆ "ನಿನ್ ಮೊಳ ಚಿಕ್ಕದು, ನನ್ ಕೈಲಿ ಅಳೀತೀನಿ ಕೊಡು" ಅಂತ ಜಗಳ. ಇಬ್ಬರೂ ಕೈ ಪಕ್ಕ ಪಕ್ಕ ಇಟ್ಟು ಅಳೆದ್ರು. ಮಾರೋ ಅಜ್ಜಿ ಕೈಯೇ ಉದ್ದ ಇತ್ತು! ನಕ್ಕು ನಕ್ಕು ಅವರು ಒಂದು ಗೇಣು ಕೊಸರು ಹಾಕಿದ್ರು.

ಏಳಕ್ಕೆ ಸರಿಯಾಗಿ ಮಳೆ ನಿಂತಿತ್ತು. ಅರಮನೆ ಒಳಗೆ ಹೋಗೋ ಶಕ್ತಿ ಯಾರಿಗೂ ಇರಲಿಲ್ಲ, ಕೋಟೆ ಆಂಜನೇಯನ ಗುಡಿ ಕಡೆಯಿಂದಲೇ ನೋಡಿದ್ವಿ. ದೀಪ ಹತ್ತಿದಾಗ ಸುತ್ತ ಇದ್ದ ಜನ ಎಲ್ಲಾ ಒಟ್ಟಿಗೆ "ಓ" ಅಂದ್ರು. ಯಾರಿಗೆ ದೀಪ ತೋರಿಸಬೇಕು ಅಂತ ಇಷ್ಟೆಲ್ಲಾ ಮಾಡಿದ್ವೋ ಆ ನಮ್ಮ ಮಗ ಅಪ್ಪನ ಹೆಗಲ ಮೇಲೆ ಗಾಢ ನಿದ್ದೆ. ಎಬ್ಬಿಸಿದ್ರೆ ಒಂದು ಕಣ್ಣು ಬಿಟ್ಟು "ಲೈಟ್ ಆಫ್ ಮಾಡು" ಅಂತ ಮತ್ತೆ ಮಲಗ್ದ.

ಎರಡು ಮಕ್ಕಳ ತಾಯಿ
ಸೋಮವಾರ, ರಾತ್ರಿ 9:20

ಸುಮಾರು 97,000 ಬಲ್ಬು ಆಫ್ ಮಾಡಿಸೋಕೆ ಹೊರಟಿದ್ದಾನಲ್ಲ ನಿಮ್ಮ ಮಗ! ನಮ್ಮೋನೂ ಅಷ್ಟೇ, ದಸರಾ ಆನೆ ಬರೋ ಹೊತ್ತಿಗೆ ನಿದ್ದೆ.

ಒಂಟಿಕೊಪ್ಪಲ್ ಮೇಷ್ಟ್ರು
ಸೋಮವಾರ, ರಾತ್ರಿ 9:45

ಆ ಗಡಿಯಾರ 1927ರದ್ದು ತಾಯಿ, ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ ನೆನಪಿಗೆ ಕಟ್ಟಿಸಿದ್ದು. ನಾನು ಮೂವತ್ತು ವರ್ಷ ಪಾಠ ಮಾಡಿದೋನು, ದಿನಾ ಅದರ ಕೆಳಗೇ ಬಸ್ ಹತ್ತಿ ಹೋಗ್ತಿದ್ದೆ. ಒಂದು ದಿನವೂ ಮಕ್ಕಳನ್ನ ಕರ್ಕೊಂಡು ಹೋಗಿ ಅಂಕಿ ಓದಿಸಬೇಕು ಅಂತ ಹೊಳೆದಿರಲಿಲ್ಲ. ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕೆ.ಆರ್. ನಗರ ಪಯಣಿಗ
ಸೋಮವಾರ, ರಾತ್ರಿ 10:02

ಆನೆ ಕೊನೆಗೆ ಎಷ್ಟಾಯ್ತು?

ಪಾಂಡವಪುರದ ಸೊಸೆ
ಮಂಗಳವಾರ, ಬೆಳಗ್ಗೆ 7:10

ಲೆಕ್ಕ ಮುಗಿದಿಲ್ಲ, ಮತ್ತೆ ಹೋಗಬೇಕಂತೆ. ಮೇಷ್ಟ್ರ ನಮಸ್ಕಾರ ಅತ್ತೆಗೆ ತಲುಪಿಸ್ದೆ. ಅವರದ್ದೂ ಒಂದು ಪ್ರಶ್ನೆ ಇದೆ. ಮದುವೆಯಾದ ವರ್ಷ ಮಾವನವರು ದಸರಾ ಎಕ್ಸಿಬಿಷನ್‌ಗೆ ಕರ್ಕೊಂಡು ಬಂದಿದ್ರಂತೆ, ತಟ್ಟೆಗಿಂತ ದೊಡ್ಡ ಡೆಲ್ಲಿ ಹಪ್ಪಳ ಕೊಡಿಸಿದ್ರಂತೆ. ಅದು ಈಗಲೂ ಸಿಗತ್ತಾ ಅಂತ ಕೇಳ್ತಿದ್ದಾರೆ.

ಆಟೋ ಅಣ್ಣ
ಮಂಗಳವಾರ, ಬೆಳಗ್ಗೆ 7:30

ಸಿಕ್ತದೆ ಕಣಕ್ಕ, ಕೆಂಪಗೆ ಖಾರದಪುಡಿ ಉದುರ್ಸಿ ಕೊಡ್ತಾರೆ. ದಸರಾಕ್ಕೆ ಬನ್ನಿ. ಆದ್ರೆ ಅದುಕ್ಕೆ ಆಧಾರ್ ಕಾರ್ಡ್ ನಡೆಯಕಿಲ್ಲ, ಐದೂ ಜನಕ್ಕೂ ನಿಮ್ಮೆಜಮಾನ್ರೇ ಕಾಸು ಬಿಚ್ಬೇಕು.